ವರ್ಕಾಡಿಯ ಹರಿಕೇನ್

ಮೆರ್ಲಿನ್ ಆ ಮನೆಗೆ ಮೊದಲ ಸಲ ಕಾಲಿಟ್ಟಾಗ ವಿನೀತನ ಎರಡು ಮಣಿಕಟ್ಟುಗಳ ನಡುವೆ ಒಂದು ಚೂರಿ ಇತ್ತು.

ಅಡುಗೆಮನೆಯ ಚೂರಿಯಲ್ಲ. ಪೆನ್ನಿನಂಥ ಹಿಡಿ, ತುದಿಗೆ ಬ್ಲೇಡಿನಂಥ ಮೊನೆ. ಬೆರಳುಗಳಿಗೆ ಹಿಡಿಯಲಾಗದ ಅದನ್ನು ಅವನು ಮಣಿಕಟ್ಟುಗಳಿಂದಲೇ ಒತ್ತಿಹಿಡಿದು, ಮೇಜಿನ ಮೇಲೆ ಬಾಗಿ, ಹಲ್ಲು ಕಚ್ಚಿಕೊಂಡು ತನ್ನತ್ತ ಎಳೆದುಕೊಳ್ಳುತ್ತಿದ್ದ. ಮೆರ್ಲಿನ್ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಓಡಿ ಬಂದು ಚೂರಿಯನ್ನು ಕಿತ್ತುಕೊಂಡಳು. ಕಿತ್ತುಕೊಳ್ಳುವ ಭರದಲ್ಲಿ ಅವಳದೇ ಹೆಬ್ಬೆರಳು ಕೊಯ್ದು ಬಿಳಿ ಕೋಟಿನ ಮೇಲೆ ರಕ್ತ ಹನಿಯಿತು.

“ಸಾಯ್ಲಿಕ್ಕೆ ಅಲ್ಲ ಸಿಸ್ಟರ್,” ಎಂದ ಅವನು, ಉಸಿರು ಎಳೆದುಕೊಳ್ಳುತ್ತ. “ವಿಮಾನ ಮಾಡ್ಲಿಕ್ಕೆ.”

ಆಗ ಅವಳು ಮೇಜನ್ನು ನೋಡಿದಳು. ಅಗಲವಾದ ನಕ್ಷೆಯೊಂದು ಹರಡಿತ್ತು. ಅದರ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ಮರದ ಪಟ್ಟಿಗಳು. ಪಕ್ಕದ ಪೆಟ್ಟಿಗೆಯ ಮುಚ್ಚಳದಲ್ಲಿ ಹಸಿರು-ಕಂದು ಬಣ್ಣದ ಯುದ್ಧವಿಮಾನವೊಂದು ಮೋಡಗಳ ನಡುವೆ ಓರೆಯಾಗಿ ಹಾರುತ್ತಿತ್ತು.

ಅವಳಿಗೆ ನಾಚಿಕೆಯಾಯಿತು. ಅವಳು ಬಂದದ್ದು ಅವನ ಬಿ.ಪಿ. ನೋಡಲು, ಆದರೆ ಮೊದಲ ಬ್ಯಾಂಡೇಜು ಬಿದ್ದದ್ದು ಅವಳ ಬೆರಳಿಗೆ. ಒಂದೇ ಕೈಯಲ್ಲಿ ಅದನ್ನು ಸುತ್ತಿಕೊಳ್ಳಲು ಅವಳು ಪರದಾಡುವುದನ್ನು ಅವನು ಸ್ವಲ್ಪ ಹೊತ್ತು ನೋಡಿದ.

“ನಾನು ಕಟ್ತಿದ್ದೆ,” ಎಂದ. “ಆದ್ರೆ ನನ್ನ ಕೈಗಳು ರಜೆಯಲ್ಲುಂಟು.”

ನಗಬೇಕೋ ಬೇಡವೋ ಎಂದು ತಿಳಿಯದೆ ಮೆರ್ಲಿನ್ ತಲೆ ಎತ್ತಿದಳು. ಸೊರಗಿದ ಮುಖ, ಎದ್ದು ಕಾಣುವ ಭುಜದ ಮೂಳೆ. ಕಣ್ಣುಗಳು ಮಾತ್ರ ಆ ಮುಖಕ್ಕೆ ಸೇರಿದವೇ ಅಲ್ಲವೆಂಬಂತೆ ತುಂಟವಾಗಿದ್ದವು. ಅವಳೇ ಮೊದಲು ಕಣ್ಣು ತಪ್ಪಿಸಿದಳು.

ವಿನೀತ್ ಶಾರ್ಜಾದ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್ ಆಗಿದ್ದವನು. ದೊಡ್ಡ ವಿಮಾನಗಳ ಚಕ್ರ, ಬ್ರೇಕು ಅವನ ಕೆಲಸ. ಒಂದು ಬೆಳಿಗ್ಗೆ ಬಲಗೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಮರುವಾರ ಚಹಾದ ಲೋಟ ಬಿತ್ತು. ಅಂಗಿಯ ಗುಂಡಿ ಹಾಕಲು ಆಗದ ದಿನ ಅವನು ಡಾಕ್ಟರರಲ್ಲಿಗೆ ಹೋದ. ಎ.ಎಲ್.ಎಸ್. ಎಂದರು. ನರಗಳು ಒಂದೊಂದಾಗಿ ಸಾಯುತ್ತವೆ, ಸ್ನಾಯುಗಳು ಒಣಗುತ್ತವೆ, ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು, ಕೊನೆಗೆ ಉಸಿರು. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ, ಎಲ್ಲವನ್ನೂ ಅದು ಕೊನೆಯವರೆಗೂ ನೋಡುತ್ತಿರುತ್ತದೆ ಎಂದು ವಿವರಿಸಿದರು. ಮದ್ದು ಇಲ್ಲ. ಅವನು ವರ್ಕಾಡಿಗೆ ವಾಪಸು ಬಂದ. ತಂದೆ ತಾಯಿ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ ತುಂಗಾ ಒಬ್ಬಳೇ. ಅವಳು ಜಗಲಿಯಲ್ಲಿ ಎಲೆ, ತಂಬಾಕು ಹರಡಿದ ಮೊರ, ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು.

ಶಾರ್ಜಾದಿಂದ ಬರುವಾಗ ಅವನು ಬಟ್ಟೆಗಿಂತ ಜೋಪಾನವಾಗಿ ತಂದದ್ದು ಆ ಪೆಟ್ಟಿಗೆಯನ್ನು. ರಿಮೋಟಿನಲ್ಲಿ ಹಾರಿಸುವ ಹರಿಕೇನ್ ವಿಮಾನದ ಕಿಟ್. ಎಂದೋ ಕೊಂಡು, ರಜೆ ಸಿಕ್ಕಾಗ ಮಾಡೋಣ ಎಂದು ಮಂಚದ ಕೆಳಗೆ ಇಟ್ಟಿದ್ದ. ಈಗ ರಜೆ ಸಿಕ್ಕಿತ್ತು.

“ಹರಿಕೇನ್ ಅಂದ್ರೆ ಲಾಟೀನಿನ ಹೆಸರಲ್ವಾ?” ಎಂದು ಕೇಳಿದ್ದಳು ಮೆರ್ಲಿನ್.

ಅವನು ಆ ದಿನ ಮೊದಲ ಸಲ ಗಟ್ಟಿಯಾಗಿ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವಳು ಅವನ ಬೆನ್ನಿಗೆ ಕೈ ಆನಿಸಿ ನಿಂತಳು. ಆಮೇಲೆ ಚೂರಿಯನ್ನು ಎತ್ತಿಕೊಂಡು, ಎಲ್ಲಿ ಕೊಯ್ಯಬೇಕು ಎಂದು ಕೇಳಿದಳು.

ಹೊರಗೆ ಪಂಚಾಯತಿನ ಪಾಲಿಯೇಟಿವ್ ಆರೈಕೆಯ ಜೀಪು ಹಾರ್ನ್ ಹಾಕುವವರೆಗೆ ಅವಳು ಎರಡು ತುಂಡು ಕೊಯ್ದು ಮುಗಿಸಿದ್ದಳು. ಎರಡನೆಯದು ಪರವಾಗಿಲ್ಲ ಎಂದು ಅವನು ಒಪ್ಪಿಕೊಂಡ.

ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವುದು ಮೆರ್ಲಿನಳ ಕೆಲಸ. ಕ್ಯಾನ್ಸರಿನವರು, ಲಕ್ವ ಹೊಡೆದವರು, ಬೆನ್ನು ಹುಣ್ಣಾದ ಮುದುಕರು. ವಾರಕ್ಕೊಮ್ಮೆ ಅವಳು ಈ ಕಡೆ ಬರುವ ದಿನ ವಿನೀತನ ಮನೆ ದಾರಿಯಲ್ಲಿ ಮೊದಲು ಸಿಗುತ್ತಿತ್ತು. ಅದು ಕೊನೆಯ ಮನೆಯಾದದ್ದು ಯಾವಾಗ ಎಂದು ಅವಳನ್ನು ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಡ್ರೈವರ್ ಪ್ರವೀಣ್‌ಗೆ ಗೊತ್ತಿತ್ತು. ಅವನು ವಿನೀತನ ಜೊತೆ ಶಾಲೆಗೆ ಹೋದವನು. ಏನೂ ಕೇಳದೆ ಜೀಪನ್ನು ನೆರಳಿಗೆ ಹಾಕಿ ಸೀಟು ಬಾಗಿಸಿ ಮಲಗುತ್ತಿದ್ದ.

ಮಳೆಗಾಲವಿಡೀ ಅವರು ರೆಕ್ಕೆ ಕಟ್ಟಿದರು. ಅವನು ಹೇಳುತ್ತಿದ್ದ, ಅವಳು ಮಾಡುತ್ತಿದ್ದಳು. ಮೀನಿನ ಎಲುಬಿನಂತೆ ಸಾಲಾಗಿ ನಿಲ್ಲುವ ಪಟ್ಟಿಗಳು, ಅವುಗಳ ನಡುವೆ ಹಾಯುವ ಉದ್ದನೆಯ ಕೋಲುಗಳು. ಬಾಲ್ಸಾ ಮರ ಎಷ್ಟು ಹಗುರವೆಂದರೆ ಅವಳು ಉಸಿರು ಬಿಟ್ಟರೆ ಹಾರುತ್ತಿತ್ತು. ಗಮ್ ಹೆಚ್ಚು ಬಿದ್ದರೆ ಭಾರವಾಗುತ್ತದೆ ಎಂದು ಅವನು ಗೊಣಗಿದಾಗ ಅವಳು ಬ್ಯಾಗಿನಿಂದ ಸಿರಿಂಜ್ ತೆಗೆದು, ಅದರಲ್ಲಿ ಗಮ್ ತುಂಬಿ, ಸಂದುಗಳಿಗೆ ಹನಿಹನಿಯಾಗಿ ಬಿಡತೊಡಗಿದಳು.

“ಇದಕ್ಕೆ ಎಷ್ಟು ಎಂ.ಎಲ್. ಸಿಸ್ಟರ್?”

“ಮಾತಾಡಿದ್ರೆ ನಿಮಗೇ ಚುಚ್ತೇನೆ.”

“ನನಗೆ ಚುಚ್ಚಿದ್ರೆ ಗೊತ್ತಾಗ್ತದೆ. ಅದೊಂದು ಇನ್ನೂ ಹೋಗಲಿಲ್ಲ.”

ಅದು ನಿಜ. ಆ ರೋಗ ಚಲನೆಯನ್ನು ಕಸಿಯುತ್ತದೆ, ಸ್ಪರ್ಶವನ್ನು ಬಿಟ್ಟುಕೊಡುತ್ತದೆ. ಬೆರಳನ್ನು ಅಲ್ಲಾಡಿಸಲಾಗದಿದ್ದರೂ ಬೆರಳಿನ ಮೇಲೆ ಕುಳಿತ ನೊಣ ಅವನಿಗೆ ತಿಳಿಯುತ್ತಿತ್ತು. ಮೆರ್ಲಿನ್ ದಿನದ ಕೆಲಸ ಮುಗಿದ ಮೇಲೆ ಬಿಸಿ ಎಣ್ಣೆಯಲ್ಲಿ ಅವನ ಕೈಗಳನ್ನು ತಿಕ್ಕುತ್ತಿದ್ದಳು. ಕೀಲುಗಳು ಗಟ್ಟಿಯಾಗದಿರಲು ಎಲ್ಲ ರೋಗಿಗಳಿಗೂ ಮಾಡುವ ಹಾಗೆ. ಆಗ ಅವನು ತಮಾಷೆ ಮಾಡುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದ.

ಅವನು ನಿಜವಾದ ಹರಿಕೇನಿನ ಕಥೆ ಹೇಳಿದ್ದು ಅಂಥ ಒಂದು ಮಧ್ಯಾಹ್ನ. ಅದರ ಹಿಂಭಾಗ ತಗಡಿನದಲ್ಲವಂತೆ, ಕೊಳವೆ, ಮರ ಮತ್ತು ಬಟ್ಟೆಯದಂತೆ. ಎರಡನೇ ಮಹಾಯುದ್ಧದಲ್ಲಿ ಗುಂಡು ಬಿದ್ದರೆ ಬಟ್ಟೆಯಲ್ಲಿ ತೂತು ಮಾಡಿಕೊಂಡು ಆಚೆ ಹೋಗುತ್ತಿತ್ತಂತೆ. ಕೆಳಗಿಳಿದ ಮೇಲೆ ತೂತಿಗೆ ತೇಪೆ ಹಾಕಿ ಮತ್ತೆ ಕಳಿಸುತ್ತಿದ್ದರಂತೆ. ಹೊಸ ವಿಮಾನಗಳ ಹೊಳಪು ಅದಕ್ಕಿರಲಿಲ್ಲ, ಆದರೆ ಏಟು ತಿಂದು ಮನೆಗೆ ಬರುವುದು ಗೊತ್ತಿತ್ತು. ಅದಕ್ಕೇ ಅದನ್ನು ಆರಿಸಿದೆ ಎಂದ.

ಮೆರ್ಲಿನ್ ಅವನ ಬಲಗೈಯನ್ನು ತಿಕ್ಕಿ ಮುಗಿಸಿದ್ದಳು. ಎಡಗೈಯನ್ನು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. ಬಲಗೈಯನ್ನೇ ಹಿಡಿದು ಕುಳಿತಿದ್ದಳು, ತಿಕ್ಕದೆ, ಸುಮ್ಮನೆ. ಅವನು ಕಿಟಕಿಯಿಂದ ಕಣ್ಣು ತೆಗೆದು ಮೊದಲು ಆ ಕೈಗಳನ್ನು, ಆಮೇಲೆ ಅವಳನ್ನು ನೋಡಿದ. ಅವನ ಕಣ್ಣುಗಳಲ್ಲಿ ಆಗ ತುಂಟತನ ಇರಲಿಲ್ಲ. ಭಯ ಇತ್ತು.

ಅವಳು ಎದ್ದು ಬ್ಯಾಗ್ ಎತ್ತಿಕೊಂಡು ಹೊರಟಳು. ಕುಂಜತ್ತೂರಿನ ತನ್ನ ಮನೆ ಸೇರುವವರೆಗೆ ಎಣ್ಣೆಯ ಕೈಯನ್ನು ತೊಳೆದಿರಲಿಲ್ಲ.

ಮನೆಯಲ್ಲಿ ತಾಯಿ ಜೆಸ್ಸಿ ಹೊಸ ಸಂಬಂಧವೊಂದರ ಮಾತು ತೆಗೆದರು. ಬಹರೈನಿನಲ್ಲಿರುವ ಹುಡುಗ, ಒಳ್ಳೆಯ ಜನ. ಮೆರ್ಲಿನಳಿಗೆ ಮೂವತ್ತೆರಡು ದಾಟಿತ್ತು. ತನಗೆ ಮನಸ್ಸಿಲ್ಲ ಎಂದಳು. ಯಾರಾದರೂ ಇದ್ದಾರಾ ಎಂದು ತಾಯಿ ಕೇಳಿದರು. ಇದ್ದಾರೆ ಎಂದಳು. ಯಾರು ಎಂದು ತಿಳಿದ ಮೇಲೆ ಜೆಸ್ಸಿ ಬೈಯಲಿಲ್ಲ. ಜಾತಿ, ಧರ್ಮ ಯಾವುದನ್ನೂ ಎತ್ತಲಿಲ್ಲ. ಅವರು ಕೇಳಿದ್ದು ಒಂದೇ: “ನಿನಗೆ ವಿಧವೆ ಆಗ್ಲಿಕ್ಕೆ ಅಷ್ಟು ಆಸೆ ಉಂಟಾ?”

ಮರುವಾರ ವಿನೀತನ ಮನೆಗೆ ಬಂದದ್ದು ಪೂಜಾಶ್ರೀ ಎಂಬ ಬೇರೆ ನರ್ಸ್. ಒಳ್ಳೆಯ ಹುಡುಗಿ, ಚುರುಕು. ಮೆರ್ಲಿನ್ ಸಿಸ್ಟರ್ ತಾವಾಗಿಯೇ ಕೇಳಿಕೊಂಡು ಈ ಮನೆಯನ್ನು ತಮ್ಮ ಪಾಲಿನಿಂದ ಬಿಡಿಸಿಕೊಂಡರು ಎಂದು ಅವಳು ಹೇಳಿದಳು. ವಿನೀತ್ ಸರಿ ಎಂದ. ಅವಳು ಹೋದ ಮೇಲೆ ಅಕ್ಕನನ್ನು ಕರೆದು, ಮೇಜಿನ ಮೇಲಿದ್ದುದನ್ನೆಲ್ಲ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಲು ಹೇಳಿದ. ತುಂಗಾ ಹಾಗೆಯೇ ಮಾಡಿದಳು. ಸಾಯುತ್ತಿರುವವನಿಗೆ ಇದೆಂಥ ಆಟದ ಸಾಮಾನು ಎಂದು ಅವಳಿಗೆ ಮೊದಲಿನಿಂದಲೂ ಅನಿಸಿತ್ತು. ಆದರೆ ಆ ವಾರ ತಮ್ಮ ಅನ್ನ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನೋಡಿ ಅವಳೇ ಒಮ್ಮೆ ಅಟ್ಟದ ಏಣಿಯವರೆಗೆ ಹೋಗಿ ಬಂದಳು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಮೆರ್ಲಿನ್ ಬಸ್ಸಿನಲ್ಲಿ ಬಂದಳು. ನೀಲಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಬ್ಯಾಗ್ ಇರಲಿಲ್ಲ, ಕೊರಳಲ್ಲಿ ಸ್ಟೆತಾಸ್ಕೋಪ್ ಇರಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಅವನು ಕ್ಷಣಕಾಲ ಗುರುತಿಸಲಿಲ್ಲ. ಗುರುತಿಸಿದ ಮೇಲೆ, ಏನು ಮರೆತು ಹೋಗಿದ್ದಿರಿ ಸಿಸ್ಟರ್ ಎಂದು ಕೇಳಿದ. ದನಿಯಲ್ಲಿ ಮುಳ್ಳಿತ್ತು.

“ನಾನು ಇವತ್ತು ಸಿಸ್ಟರ್ ಅಲ್ಲ,” ಎಂದಳು ಅವಳು. “ಡ್ಯೂಟಿಯಲ್ಲಿ ಇಟ್ಕೊಂಡು ಪೇಷೆಂಟನ್ನು ಪ್ರೀತಿಸ್ಲಿಕ್ಕೆ ಆಗುದಿಲ್ಲ. ಅದು ತಪ್ಪು. ಅದಕ್ಕೆ ಈ ಮನೆಯ ಡ್ಯೂಟಿ ಬಿಟ್ಟು ಬಂದೆ.”

ಜಗಲಿಯಲ್ಲಿ ತುಂಗಾಳ ಕತ್ತರಿಯ ಸದ್ದು ನಿಂತಿತು.

ವಿನೀತನ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಅವನಿಂದ ಆಗಲಿಲ್ಲ. ಅವಳು ಸೆರಗಿನ ತುದಿಯಿಂದ ಒರೆಸಿದಳು. ಆಗ ಅವನು ಹೇಳಿದ, ನಾಲಿಗೆ ಆಗಲೇ ಸ್ವಲ್ಪ ತೊದಲುತ್ತಿತ್ತು:

“ನೀವು ಹೇಳಿದ್ದನ್ನು ನಾನು ವಾಪಸು ಹೇಳುದಿಲ್ಲ ಮೆರ್ಲಿನ್. ಹೇಳಿ ಹೋದ್ರೆ ಅದು ನಿಮ್ಮ ಕುತ್ತಿಗೆಗೆ ಕಲ್ಲು ಕಟ್ಟಿದ ಹಾಗೆ.”

“ಬೇಡ. ಹೇಳ್ಬೇಡಿ.”

“ಇಲ್ಲಿ ಎಂತ ಉಂಟು ನಿಮಗೆ?”

ಅವಳು ಖಾಲಿ ಮೇಜನ್ನು ನೋಡಿದಳು. ವಿಮಾನ ಎಲ್ಲಿ ಎಂದು ಕೇಳಿದಳು. ಅವನು ಉತ್ತರಿಸುವ ಮೊದಲೇ ತುಂಗಾ ಒಳಗೆ ಬಂದು, ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟು ಹೊರಗೆ ಹೋದಳು.

ಅಲ್ಲಿಂದ ಪ್ರತಿ ಭಾನುವಾರ ಅವಳು ಬಂದಳು. ಬಿಡುವಿದ್ದ ಸಂಜೆಗಳಲ್ಲೂ ಬಂದಳು. ರೆಕ್ಕೆಗಳ ಎರಡು ಅರ್ಧಗಳನ್ನು ಸೇರಿಸಿದರು, ಮಗುಚಿದ ದೋಣಿಯಂಥ ಒಡಲು ಕಟ್ಟಿದರು. ಬಾಲದ ಪಟ್ಟಿಗಳನ್ನು ಎಳೆಯುವ ಪುಟ್ಟ ಮೋಟರುಗಳು ಮೊದಲ ಸಲ ಅಲುಗಾಡಿದಾಗ ಮೆರ್ಲಿನ್ ಕೈ ಬಾಯಿಗೆ ಹಿಡಿದಳು. ರಿಮೋಟನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಪರದೆಯ ಮೇಲೆ ಹಾರಿಸುವುದನ್ನು ಅವನು ಅವಳಿಗೆ ಕಲಿಸಿದ. ಪರದೆಯ ವಿಮಾನಗಳು ಒಂದರ ಮೇಲೊಂದು ಮರಕ್ಕೆ, ಗುಡ್ಡಕ್ಕೆ, ನೆಲಕ್ಕೆ ಬಡಿದವು. ಅವಳ ಲೆಕ್ಕದಲ್ಲಿ ಇಡೀ ವಾಯುಸೇನೆ ಮುಗಿಯಿತು ಎಂದು ಅವನು ನಕ್ಕ. ಅವಳು ಅವನ ಕಿವಿ ಹಿಂಡಿದಳು. ಅವನು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಿವಿಯೂ ಉಂಟು ಎಂದ.

ಅಂಥ ನಗುಗಳ ಕೆಳಗೆ ರೋಗ ತನ್ನ ಕೆಲಸ ಮಾಡುತ್ತಲೇ ಇತ್ತು. ನವರಾತ್ರಿಯ ಹೊತ್ತಿಗೆ ಅವನು ಗಾಲಿಕುರ್ಚಿಗೆ ಬಂದ. ಗಂಜಿಯನ್ನು ಚಮಚದಲ್ಲಿ ಮೆಲ್ಲಗೆ ಇಳಿಸಬೇಕಾಯಿತು. ಮಾತು ಸವೆಯುತ್ತ ಬಂತು. ಮೊದಲು ಕೊನೆಯ ಅಕ್ಷರಗಳು ಹೋದವು, ಆಮೇಲೆ ತುಟಿ ಸೇರಿಸಬೇಕಾದ ಅಕ್ಷರಗಳು ಹೋದವು, ಕೊನೆಗೆ ಉಳಿದದ್ದು ಮೂಗಿನಿಂದ ಬರುವ ಒಂದು ನಾದ. ಪ್ರವೀಣ್‌ಗೆ ತಿಳಿಯದಾಯಿತು. ಹೆತ್ತವಳಂತೆ ಸಾಕಿದ ತುಂಗಾಳಿಗೂ ತಿಳಿಯದಾಯಿತು. ಮೆರ್ಲಿನಳಿಗೆ ಮಾತ್ರ ತಿಳಿಯುತ್ತಿತ್ತು. ತಿಂಗಳುಗಟ್ಟಲೆ ಅವನ ಒಂದೊಂದು ಮಾತಿಗೂ ಕಿವಿಗೊಟ್ಟು, ಹೇಳಿದ ಕಡೆ ಕೊಯ್ದು, ಹೇಳಿದ ಕಡೆ ಅಂಟಿಸಿ ಅಭ್ಯಾಸವಾದವಳು. ಇನ್ನು ಅವನು ಏನು ಹೇಳಿದರೂ ಎಲ್ಲರೂ ಅವಳ ಮುಖ ನೋಡುತ್ತಿದ್ದರು.

ಮಾತು ಪೂರ್ತಿ ಕೆಡುವ ಮೊದಲು ಅವನು ಅವಳಿಂದ ಒಂದು ಭಾಷೆ ತೆಗೆದುಕೊಂಡಿದ್ದ. ಗಂಟಲಲ್ಲಿ ತೂತು ಮಾಡಿ ಮಿಷನ್ನಿನಿಂದ ಉಸಿರಾಡಿಸುವುದು ತನಗೆ ಬೇಡ. ಕಣ್ಣುರೆಪ್ಪೆ ಒಂದನ್ನು ಬಿಟ್ಟು ಬೇರೇನೂ ಅಲುಗದೆ ಅಕ್ಕನಿಗೆ ಹೊರೆಯಾಗಿ ವರ್ಷಗಟ್ಟಲೆ ಮಲಗಿರುವುದು ಬೇಡ. ಆ ಹೊತ್ತು ಬಂದರೆ ನೀವು ಅಡ್ಡ ನಿಲ್ಲಬಾರದು ಎಂದ. ಅಂಥವರನ್ನು ಅವಳು ಕಂಡಿದ್ದಳು, ಅವರ ಬೆನ್ನು ತೊಳೆದಿದ್ದಳು. ಆಗಲಿ ಎಂದಳು. ಹೇಳುವಾಗ ಅದು ಇಷ್ಟು ಬೇಗ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ, ತಾಯಿಯ ಜೊತೆ ಹಬ್ಬದ ತಿಂಡಿ ಕುಸ್ವಾರಿಗೆ ನೆವ್ರಿ ಕಡುಬು ಕರಿಯುತ್ತಿದ್ದಾಗ ಪ್ರವೀಣನ ಫೋನ್ ಬಂತು. ವಿನೀತನಿಗೆ ಜ್ವರ, ಕಫ ಕಟ್ಟಿದೆ, ತುಟಿ ನೀಲಿಯಾಗಿದೆ, ಮಂಗಳೂರಿಗೆ ಕರಕೊಂಡು ಹೋಗುತ್ತಿದ್ದೇವೆ ಎಂದ. ಮೆರ್ಲಿನ್ ಹಿಟ್ಟಿನ ಕೈಯಲ್ಲೇ ಎದ್ದಳು. ಜೆಸ್ಸಿ ಒಲೆ ಆರಿಸಿದರು.

ಆಸ್ಪತ್ರೆಯಲ್ಲಿ ಅವನ ಮುಖಕ್ಕೆ ಮಾಸ್ಕ್ ಹಾಕಿದ್ದರು. ಡಾಕ್ಟರು ತುಂಗಾಳನ್ನೂ ಮೆರ್ಲಿನಳನ್ನೂ ಹಾಸಿಗೆಯ ಪಕ್ಕಕ್ಕೇ ಕರೆದು, ನ್ಯುಮೋನಿಯಾ ಆಗಿದೆ, ಮಾಸ್ಕಿನಲ್ಲಿ ಎಷ್ಟು ದಿನ ಎಳೆಯಬಹುದೆಂದು ಗೊತ್ತಿಲ್ಲ, ವೆಂಟಿಲೇಟರಿಗೆ ಸೇರಿಸಿದರೆ ಜೀವ ಉಳಿಯಬಹುದು, ಆದರೆ ಮತ್ತೆ ಅದರಿಂದ ಹೊರಗೆ ಬರುವುದು ಕಷ್ಟ ಎಂದು ವಿವರಿಸಿದರು. ತುಂಗಾ ಮಾತು ಮುಗಿಯುವ ಮೊದಲೇ ಕೈ ಮುಗಿದು, ಹಾಕಿ ಡಾಕ್ಟ್ರೇ ಎಂದಳು. ರೋಗಿಗೆ ಪ್ರಜ್ಞೆ ಇದೆ, ಅವರನ್ನೇ ಕೇಳಬೇಕು ಎಂದ ಡಾಕ್ಟರು ಬಾಗಿ ಮಾಸ್ಕನ್ನು ಸ್ವಲ್ಪ ಸರಿಸಿದರು.

ವಿನೀತ್ ಮಾತಾಡಿದ. ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿದ್ದು ಒಂದು ನರಳಿಕೆ.

ಡಾಕ್ಟರು ಮೆರ್ಲಿನಳನ್ನು ನೋಡಿದರು. ತುಂಗಾ ನೋಡಿದಳು. ವಿನೀತನೂ ನೋಡಿದ.

ಆ ಕ್ಷಣ ಅವನ ಜೀವ ತನ್ನ ನಾಲಿಗೆಯ ಮೇಲಿದೆ ಎಂದು ಮೆರ್ಲಿನಳಿಗೆ ಅರ್ಥವಾಯಿತು. ‘ಬೇಕು ಅಂತೆ’ ಎಂದರೆ ಸಾಕು. ಸುಳ್ಳೆಂದು ಯಾರೂ ಹೇಳಲಾರರು. ಅವನು ಇರುತ್ತಾನೆ. ಭಾನುವಾರ ಬಂದರೆ ಆ ಕಣ್ಣುಗಳು ಇರುತ್ತವೆ. ಎಣ್ಣೆ ತಿಕ್ಕಲು ಆ ಕೈಗಳು ಇರುತ್ತವೆ. ಅವನು ಅವಳನ್ನು ಕ್ಷಮಿಸಲಿಕ್ಕಿಲ್ಲ, ಆದರೆ ಇರುತ್ತಾನೆ. ಅವನು ಬೇಡಿಕೊಳ್ಳುತ್ತಿರಲಿಲ್ಲ, ಎಚ್ಚರಿಸುತ್ತಲೂ ಇರಲಿಲ್ಲ. ಅವಳು ಹೇಳುವುದನ್ನು ಕಾಯುತ್ತಿದ್ದ, ಅಷ್ಟೆ.

“ಬೇಡ ಅಂತ ಹೇಳ್ತಿದ್ದಾರೆ,” ಎಂದಳು ಮೆರ್ಲಿನ್.

“ಸುಳ್ಳು,” ಎಂದಳು ತುಂಗಾ. “ನನ್ನ ತಮ್ಮ ಹಾಗೆ ಹೇಳ್ಲಿಕ್ಕಿಲ್ಲ. ನಿನಗೆ ಬೇಡ ಆಗಿದ್ದಾನೆ, ಅದಕ್ಕೆ ನೀನು ಹೇಳಿದ್ದು.”

ಡಾಕ್ಟರು ವಿನೀತನ ಹತ್ತಿರ ಬಾಗಿ, ಇವರು ಹೇಳಿದ್ದು ಸರಿಯಾದರೆ ಒಮ್ಮೆ ಕಣ್ಣು ಮುಚ್ಚಿ ಎಂದರು. ವಿನೀತ್ ಕಣ್ಣು ಮುಚ್ಚಿದ. ಮುಚ್ಚಿ, ಎಲ್ಲರಿಗೂ ಕಾಣುವಷ್ಟು ಹೊತ್ತು ಹಾಗೆಯೇ ಇದ್ದ.

ತುಂಗಾ ಗೋಡೆಗೆ ಒರಗಿ ಕುಸಿದಳು. ಹಿಡಿಯಲು ಹೋದ ಮೆರ್ಲಿನಳ ಕೈಯನ್ನು ತಳ್ಳಿದಳು.

ಮದ್ದು ಹಿಡಿಯಿತು, ಅಥವಾ ರೋಗಕ್ಕೇ ಸ್ವಲ್ಪ ದಣಿವಾಯಿತು. ಎರಡು ವಾರದ ಮೇಲೆ ಅವನನ್ನು ಮಾಸ್ಕಿನ ಮಿಷನ್ನಿನ ಜೊತೆ ಮನೆಗೆ ಕಳಿಸಿದರು. ಇನ್ನೊಂದು ಜ್ವರವನ್ನು ಈ ದೇಹ ತಡೆಯಲಾರದು ಎಂದು ಡಾಕ್ಟರು ಹೊರಗೆ ಕರೆದು ಹೇಳಿದ್ದರು. ತುಂಗಾ ಮೆರ್ಲಿನಳ ಜೊತೆ ಮಾತು ಬಿಟ್ಟಳು. ಅವಳು ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಚಹಾ ಮಾಡಿ ಇಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಮೆರ್ಲಿನ್ ತಣ್ಣಗಾದ ಚಹಾ ಕುಡಿದು ಲೋಟ ತೊಳೆದಿಡುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಲು ಮೆರ್ಲಿನಳಿಗೆ ಆಗಲಿಲ್ಲ. ತಾನೂ ಆ ಕ್ಷಣ ಸುಳ್ಳು ಹೇಳುವುದರಲ್ಲಿದ್ದೆ ಎಂಬುದು ಅವಳಿಗಷ್ಟೇ ಗೊತ್ತಿತ್ತು.

ವಿಮಾನಕ್ಕೆ ಇನ್ನು ಚರ್ಮ ಹೊದಿಸುವುದು ಉಳಿದಿತ್ತು. ಹಸಿರು ಮತ್ತು ಕಂದು ಬಣ್ಣದ ತೆಳ್ಳಗಿನ ಹಾಳೆ. ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಅಂಟುತ್ತದೆ, ಬಿಸಿ ಹೆಚ್ಚಿಸಿದರೆ ಬಿಗಿಯುತ್ತದೆ. ಅವನು ಮಾಸ್ಕಿನ ಒಳಗಿನಿಂದ ನೋಡುತ್ತಿದ್ದ. ಅವಳು ಅಂಚಿನಿಂದ ನಡುವಿಗೆ ಮೆಲ್ಲಗೆ ಇಸ್ತ್ರಿ ಎಳೆದಂತೆ ನೆರಿಗೆಗಳು ಕಣ್ಣೆದುರೇ ಮಾಯವಾಗಿ, ಎಲುಬಿನ ಹಂದರಕ್ಕೆ ನುಣುಪಾದ ಮೈ ಬಂತು. ಎಲುಬು ಎದ್ದ ಅವನ ಎದೆ ಅತ್ತ ಏರಿಳಿಯುತ್ತಿತ್ತು. ಅವಳು ಆ ಕಡೆ ನೋಡದೆ ಕೆಲಸ ಮಾಡಿದಳು.

ಕೊನೆಗೆ ತೂಕ. ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ನೆಟ್ಟಗೆ ನಿಲ್ಲಬೇಕು, ಮೂಗು ಕೂದಲೆಳೆಯಷ್ಟು ಕೆಳಗೆ ಬಾಗಬೇಕು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸರಿಸಿ ಅವಳ ತೋಳು ಸೋತಿತು. ಸರಿಯಾದಾಗ ಅವನ ಗಂಟಲಿನಿಂದ ಒಂದು ಸದ್ದು ಬಂತು. ಗೋಡೆಗೆ ತೂಗಿಡೋಣವಾ ಎಂದು ಅವಳು ಕೇಳಿದಳು. ಅದು ಬೀಳುವುದನ್ನು ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಹಾರದಿದ್ದರೆ ಅದು ವಿಮಾನ ಅಲ್ಲ, ಶೋಕೇಸಿನ ಗೊಂಬೆ ಎಂದ ಅವನು. ಅಷ್ಟು ಹೇಳಲು ಅವನಿಗೆ ನಾಲ್ಕು ಉಸಿರು ಬೇಕಾಯಿತು.

ಸುಗ್ಗಿ ಬೆಳೆ ಕೊಯ್ದು ಗದ್ದೆಗಳು ಒಣಗಿದ್ದವು. ಒಂದು ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲು, ಪ್ರವೀಣ್ ಅವನನ್ನು ಮಗುವಿನಂತೆ ಎತ್ತಿ ಜೀಪಿನಲ್ಲಿ ಕೂರಿಸಿದ. ಗದ್ದೆಯ ಬದುವಿನ ಮೇಲೆ ಗಾಲಿಕುರ್ಚಿ ಇಟ್ಟರು. ಸ್ವಲ್ಪ ಹೊತ್ತು ಮಾಸ್ಕ್ ತೆಗೆಯಿರಿ ಎಂದು ಅವನು ಹೇಳಿದ. ತುಂಗಾ ಕೊಡೆ ಹಿಡಿದು ಅವನ ಹಿಂದೆ ನಿಂತಳು. ಯಾರೂ ಕರೆದಿರಲಿಲ್ಲ, ಬಂದಿದ್ದಳು.

ಕೂಳೆಯ ನೆಲದಲ್ಲಿ ಚಕ್ರ ಓಡದು. ಚಕ್ರ ಬಿಚ್ಚಿದ್ದರು. ಪ್ರವೀಣ್ ವಿಮಾನವನ್ನು ತಲೆಯ ಮೇಲೆ ಹಿಡಿದು ಗಾಳಿಗೆ ಎದುರಾಗಿ ಓಡಿ ಎಸೆದ. ಅದು ನೆಲದ ಕಡೆ ತಗ್ಗಿತು, ಪಕ್ಕದಿಂದ ಆ ನಾದ ಕೇಳಿತು: ಮೇಲೆ. ಮೆರ್ಲಿನಳ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಎಳೆಯಿತು. ಹರಿಕೇನ್ ಎದ್ದಿತು.

ಅದು ತೆಂಗಿನ ತಲೆಗಳಿಗಿಂತ ಮೇಲೆ ಏರಿ ಎಡಕ್ಕೆ ಬಾಗಿತು. ಬೆಳಗಿನ ಬಿಸಿಲಿನಲ್ಲಿ ಅದರ ಹೊದಿಕೆ ಬೆಳಕನ್ನು ಒಳಗೆ ಬಿಟ್ಟುಕೊಂಡು, ಅವಳು ಒಂದೊಂದಾಗಿ ಅಂಟಿಸಿದ ಪಟ್ಟಿಗಳೆಲ್ಲ ಕೆಳಗಿನಿಂದ ಕಂಡವು. ಅವನು ಮಾತಾಡುತ್ತಲೇ ಇದ್ದ. ಎಡ. ಮೆಲ್ಲ. ಬಿಡಿ, ಅದರಷ್ಟಕ್ಕೆ ಹೋಗ್ಲಿ. ಪ್ರವೀಣ್‌ಗೆ, ತುಂಗಾಳಿಗೆ ಅದು ನರಳಿಕೆ. ಮೆರ್ಲಿನಳಿಗೆ ಸ್ಪಷ್ಟ ಮಾತು. ಅವಳು ಅವನ ಕಡೆ ನೋಡಲಿಲ್ಲ, ಕಣ್ಣು ಆಕಾಶದಿಂದ ತೆಗೆಯುವಂತಿರಲಿಲ್ಲ. ಗದ್ದೆಯ ಸುತ್ತ ಅದು ಮತ್ತೆ ಮತ್ತೆ ಸುತ್ತಿತು. ಬ್ಯಾಟರಿ ಇಳಿಯುತ್ತಿದೆ, ಇಳಿಸಿ ಎಂದ. ಅವಳು ಇಳಿಸಿದಳು. ವಿಮಾನ ಹೊಟ್ಟೆಯ ಮೇಲೆ ಕೂಳೆಯನ್ನು ಸವರಿಕೊಂಡು ಹೋಗಿ, ಮೂಗು ಮಣ್ಣಿಗೆ ತಾಗಿಸಿ ನಿಂತಿತು. ಮೂಗಿನ ಫ್ಯಾನಿನ ಒಂದು ಎಲೆ ಮುರಿದಿತ್ತು. ಉಳಿದದ್ದೆಲ್ಲ ಸರಿಯಿತ್ತು.

ರಿಮೋಟನ್ನು ಬದುವಿನ ಮೇಲಿಟ್ಟು ಅವಳು ಅವನ ಮುಂದೆ ಮೊಣಕಾಲೂರಿದಳು. ಅವನ ತುಟಿ ನೀಲಿಗಟ್ಟುತ್ತಿತ್ತು. ಮಾಸ್ಕ್ ಹಾಕಲು ಅವಳು ಕೈ ಚಾಚಿದಾಗ ಅವನು ತಲೆಯನ್ನು ಸ್ವಲ್ಪ ಸರಿಸಿದ. ಸರಿಸಿ, ಅವಳನ್ನೇ ನೋಡುತ್ತ, ತಡೆದು ತಡೆದು ಏನೋ ಹೇಳಿದ. ನೀಲಿ ಸೀರೆಯ ಭಾನುವಾರ ಹೇಳುವುದಿಲ್ಲ ಎಂದಿದ್ದನ್ನು.

ಮೆರ್ಲಿನ್ ಮಾಸ್ಕನ್ನು ಮೆಲ್ಲಗೆ ಅವನ ಮುಖಕ್ಕೆ ಹಾಕಿದಳು.

“ಎಂತ ಹೇಳಿದ ಅವ?” ಎಂದು ಕೇಳಿದಳು ತುಂಗಾ. ಆಸ್ಪತ್ರೆಯ ಆ ದಿನದ ನಂತರ ಅವಳು ಮೆರ್ಲಿನಳೊಡನೆ ಆಡಿದ ಮೊದಲ ಮಾತು.

“ಅದು ನನಗೆ ಹೇಳಿದ್ದು ತುಂಗಕ್ಕ,” ಎಂದಳು ಮೆರ್ಲಿನ್.

ತುಂಗಾ ಇಬ್ಬರನ್ನೂ ನೋಡಿದಳು. ಆಮೇಲೆ ಕೊಡೆಯನ್ನು ಅವರಿಬ್ಬರ ಮೇಲೂ ನೆರಳು ಬೀಳುವಂತೆ ವಾಲಿಸಿ, ತಾನು ಬಿಸಿಲಲ್ಲಿ ಬೇರೆ ಕಡೆ ಮುಖ ತಿರುಗಿಸಿ ನಿಂತಳು.

ವಿನೀತ್ ಮಳೆಗಾಲ ನೋಡಲಿಲ್ಲ. ಏಪ್ರಿಲಿನ ಬಿಸು ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಜ್ವರ ಬಂತು. ಆಸ್ಪತ್ರೆಗೆ ಹೋಗುವುದು ಬೇಡವೆಂದಿದ್ದ, ಹೋಗಲಿಲ್ಲ. ಪೂಜಾಶ್ರೀ ಬಂದು ಸಂಕಟ ಕಡಿಮೆಯಾಗುವ ಮದ್ದು ಕೊಡುತ್ತಿದ್ದಳು. ಮೆರ್ಲಿನ್ ರಜೆ ಹಾಕಿ ಆ ಮನೆಯಲ್ಲೇ ಉಳಿದಳು, ತಲೆದಿಂಬಿನ ಪಕ್ಕ ಕುಳಿತು ಅವನ ಕೈ ತಿಕ್ಕುತ್ತಿದ್ದಳು. ಒಂದು ಮಧ್ಯಾಹ್ನ, ತುಂಗಾ ಗಂಜಿ ತರಲು ಒಳಗೆ ಹೋಗಿದ್ದಾಗ, ಅವನ ಉಸಿರು ಬಿಟ್ಟು ಬಿಟ್ಟು ಬಂದು, ಆಮೇಲೆ ಬರಲಿಲ್ಲ. ಅವಳು ನರ್ಸ್, ಕತ್ತಿನ ನಾಡಿ ಮುಟ್ಟಿ ನೋಡುವ ಅಗತ್ಯ ಅವಳಿಗಿರಲಿಲ್ಲ. ಆದರೂ ಮುಟ್ಟಿದಳು.

ನೆಂಟರು ಸೇರಿದರು. ಜೆಸ್ಸಿ ಕುಂಜತ್ತೂರಿನಿಂದ ರಿಕ್ಷಾ ಮಾಡಿಕೊಂಡು ಬಂದು, ಮಗಳ ಹತ್ತಿರ ಹೋಗದೆ, ಅಂಗಳದ ಅಂಚಿನಲ್ಲಿ ಹೆಂಗಸರ ಜೊತೆ ನಿಂತಿದ್ದರು. ವಿನೀತನನ್ನು ಮೀಯಿಸಿ ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿಸಿದ್ದರು. ಬಾಯಿಗೆ ನೀರು ಬಿಡುವ ಹೊತ್ತಾಯಿತು. ಮನೆಯವರು, ರಕ್ತ ಸಂಬಂಧದವರು ಮೊದಲು ಎಂದು ಹಿರಿಯರೊಬ್ಬರು ಕರೆದರು. ಮೆರ್ಲಿನ್ ಎದ್ದು ಹಿಂದಕ್ಕೆ ಸರಿದು ಕಂಬದ ಬಳಿ ನಿಂತಳು. ಅವಳು ಈ ಮನೆಗೆ ಯಾರೂ ಆಗಿರಲಿಲ್ಲ. ಹೆಂಡತಿಯಲ್ಲ, ಈಗ ಅವನ ನರ್ಸ್ ಕೂಡ ಅಲ್ಲ.

ತುಂಗಾ ತುಳಸಿ ಹಾಕಿದ ನೀರಿನ ಗಿಂಡಿಯನ್ನು ಎತ್ತಿಕೊಂಡಳು. ತಮ್ಮನ ಹತ್ತಿರ ಹೋಗದೆ, ಜನರನ್ನು ದಾಟಿ ಕಂಬದ ಬಳಿಗೆ ಬಂದಳು. ಇವಳು ಯಾರು, ನಮ್ಮವಳಲ್ಲವಲ್ಲ ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು. ತುಂಗಾ ಅತ್ತ ತಿರುಗಲಿಲ್ಲ. ಮೆರ್ಲಿನಳ ಕೈಯನ್ನು ಬಿಡಿಸಿ ಗಿಂಡಿಯನ್ನು ಅದರಲ್ಲಿಟ್ಟು, ತನ್ನ ಎರಡೂ ಕೈಗಳಿಂದ ಆ ಬೆರಳುಗಳನ್ನು ಮಡಿಸಿದಳು.

“ಬಾ,” ಎಂದಳು. “ಮೊದಲು ನೀನು ಬಿಡು.”